ಅಪ್ಪನ ಮಳೆ ಪುಸ್ತಕ, ನಮ್ಮ ಟಿಟಿಯ ಡೀಸೆಲ್

ತಲಕಾವೇರಿಯಲ್ಲಿ 2023ರ ತುಲಾ ಸಂಕ್ರಮಣ ಮುಗಿಸಿ ಕೊಡಗಿನ ಸುಂಟಿಕೊಪ್ಪಕ್ಕೆ ವಾಪಸ್ ಬಂದು ಬಂಕಿನಲ್ಲಿ ನಮ್ಮ ಟಿಟಿಯ, ಅಂದರೆ ಟೆಂಪೋ ಟ್ರಾವೆಲರ್‌ನ, ಟ್ಯಾಂಕ್ ತುಂಬಿಸಿದೆವು. ಮೀಟರ್ 34.5 ಲೀಟರ್‌ಗೆ ನಿಂತಿತು. ಓಡಿದ್ದು 214 ಕಿಲೋಮೀಟರ್. ಅಪ್ಪ ಮುಂದಿನ ಸೀಟಿನಲ್ಲಿ ಕೂತಲ್ಲೇ ತಮ್ಮ ಪುಸ್ತಕ ತೆಗೆದು ಭಾಗಾಕಾರ ಮಾಡಿದರು. ಲೀಟರ್‌ಗೆ 6.2 ಕಿಲೋಮೀಟರ್ ಬಂತು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಮಾಡಿದರು. ಅದೇ ಬಂತು.

"ಹೋದ ವರ್ಷ ಇದೇ ದಾರಿಗೆ 8.6 ಬಂದಿತ್ತು ಮಗ," ಅಂದರು. "ಡೀಸೆಲ್ ಎಲ್ಲಿಗೆ ಹೋಯ್ತು?"

ಭಾಗಮಂಡಲ, ತಲಕಾವೇರಿ, ಅಲ್ಲಿಂದ ನಾಪೋಕ್ಲು, ವಿರಾಜಪೇಟೆ, ಗೋಣಿಕೊಪ್ಪ ಸುತ್ತಿ ಬಂದಿದ್ದೆವು. ಹೋದ ವರ್ಷಕ್ಕಿಂತ ಹತ್ತು ಲೀಟರ್ ಹತ್ತಿರ ಜಾಸ್ತಿ ಕುಡಿದಿತ್ತು. ಆಗ ಡೀಸೆಲ್ ಲೀಟರ್‌ಗೆ ಸುಮಾರು 88 ರೂಪಾಯಿ. ದುಡ್ಡಿನ ಮಾತು ಒಂದು ಕಡೆ. ಈ ಗಾಡಿ ಇಲ್ಲದಿದ್ದರೆ ಅಪ್ಪ ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ. ಅವರಿಗೆ ಮಂಡಿ ನೋವು. ದಾರಿಯಲ್ಲಿ ಟಾಯ್ಲೆಟ್ ಹುಡುಕುವುದು ಅವರಿಗೆ ಪ್ರಯಾಣಕ್ಕಿಂತ ದೊಡ್ಡ ಕಷ್ಟ. ಅದಕ್ಕೇ 2021ರಲ್ಲಿ ಮೈಸೂರಿನವರೊಬ್ಬರಿಂದ ಈ ಹಳೇ ಟಿಟಿ ತಗೊಂಡಿದ್ದೆ. 2011ರ ಮಾಡೆಲ್. 2.6 ಲೀಟರ್ ಟರ್ಬೋ ಡೀಸೆಲ್ ಎಂಜಿನ್, ಈಗಿನ ಗಾಡಿಗಳ ಹಾಗೆ ಕಂಪ್ಯೂಟರ್ ಹತೋಟಿಯ ಕಾಮನ್ ರೈಲ್ ಅಲ್ಲ, ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವುದು ಹಳೇ ಮೆಕ್ಯಾನಿಕಲ್ ಪಂಪ್. ಒಳಗೆ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ಮೂಲೆಯಲ್ಲಿ ಟಾಯ್ಲೆಟ್. ಒಳಗಿನ ಬದಲಾವಣೆಯೆಲ್ಲ ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸಿದ್ದರು. ಹಳೇ ಕ್ಯಾಂಪರ್ ತಗೊಳ್ಳುವವರು ಇದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಓಡಾಡಿ ಮಾಡಿಸುವುದು ಬಹಳ ಕಷ್ಟ.

ಮೈಲೇಜ್ ಬಿತ್ತು ಅಂತ ಗೊತ್ತಾದ ಕೂಡಲೇ ಸಿಕ್ಕವರೆಲ್ಲ ಒಂದೊಂದು ಹೇಳಿದರು. ಹುಣಸೂರಿನ ಭಾವ, ಬಂಕಿನಲ್ಲೇ ಅಳತೆ ಕಮ್ಮಿ ಅಂದರು. ಪಕ್ಕದ ತೋಟದವರು ಎಂಜಿನ್ನಿನ ಡೀಸೆಲ್ ಪಂಪ್ ಬಿಚ್ಚಿಸಿ ಅಂದರು. ಒಂದು ಗ್ಯಾರೇಜಿನಲ್ಲಿ ಗಾಡಿಯ ಬಾನೆಟ್ ಕೂಡ ತೆಗೆಯದೆ ಪಂಪ್ ಮತ್ತು ನಾಜಲ್ (ಸಿಲಿಂಡರಿನ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಪೂರ್ತಿ ಮಾಡಿಸಲು 28,000 ರೂಪಾಯಿ ಅಂತ ಲೆಕ್ಕ ಕೊಟ್ಟರು. ಡೀಸೆಲ್ ಗಾಡಿ ಜಾಸ್ತಿ ಕುಡಿದರೆ ನಮ್ಮ ಕಡೆ ಎಲ್ಲರ ಕೈ ಮೊದಲು ಪಂಪಿಗೇ ಹೋಗುತ್ತದೆ. ನನಗೂ ಒಂದು ಗಳಿಗೆ ಹಾಗೇ ಅನಿಸಿತ್ತು. ತಡೆದದ್ದು ಅಪ್ಪ. "ಮೊದಲು ಅಳೆ. ಆಮೇಲೆ ಬಿಚ್ಚು," ಅಂದರು.

ಅಪ್ಪನಿಗೆ ಅಳೆಯುವುದು ಹೊಸದಲ್ಲ. ತೋಟದಲ್ಲಿ ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ 100 ಸೆಂಟ್. ಕೊಡಗಿನ ತೋಟದ ಮನೆಗಳಲ್ಲಿ ಇಂಥ ಪುಸ್ತಕ ಸಾಮಾನ್ಯ. ಫೋನ್ ಮಾಡಿದರೆ ಕುಶಲಕ್ಕಿಂತ ಮೊದಲು ಬರುವ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಅಂತ. ಟಿಟಿ ಬಂದ ಮೇಲೆ ಅಪ್ಪ ಅದೇ ಪುಸ್ತಕದ ಎಡ ಪುಟದಲ್ಲಿ ಮಳೆ, ಬಲ ಪುಟದಲ್ಲಿ ಗಾಡಿಯ ಲೆಕ್ಕ ಬರೆಯಲು ಶುರು ಮಾಡಿದ್ದರು. ತಾರೀಕು, ಕಿಲೋಮೀಟರ್, ಲೀಟರ್, ರಿಪೇರಿ. ನನಗೆ ಆಗ ಅದು ಸುಮ್ನೆ ಒಂದು ಅಭ್ಯಾಸ ಅನಿಸಿತ್ತು.

ಮೊದಲು ಬಂಕಿನ ಅನುಮಾನ ತೀರಿಸಿಕೊಂಡೆವು. ಪ್ರತಿ ಬಂಕಿನಲ್ಲೂ ಅಳತೆ ಇಲಾಖೆಯ ಮುದ್ರೆ ಇರುವ 5 ಲೀಟರ್ ಕ್ಯಾನ್ ಇರಬೇಕು. ಗಿರಾಕಿ ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. ನಾನು ಕೇಳಿದೆ. ಹುಡುಗ ಮುಖ ಗಂಟು ಹಾಕದೆ ಹಿಡಿದು ತೋರಿಸಿದ. ಗೆರೆಗೆ ಸರಿಯಾಗಿ ನಿಂತಿತು. ಭಾವನಿಗೆ ಫೋನ್ ಮಾಡಿ ಹೇಳಿದೆ.

ಆಮೇಲೆ ಕಿಲೋಮೀಟರ್. ಇಲ್ಲಿ ಒಂದು ತಪ್ಪು ಸಿಕ್ಕಿತು. ಆ ವರ್ಷ ಏಪ್ರಿಲ್‌ನಲ್ಲಿ ತೋಟದ ದಾರಿಯಲ್ಲಿ ಅಡಿ ತಾಗದಿರಲಿ ಅಂತ ದೊಡ್ಡ ಟಯರ್ ಹಾಕಿಸಿದ್ದೆ. ಮೊದಲು ಇದ್ದದ್ದು 215/75 ಆರ್15. ಹಾಕಿಸಿದ್ದು 235/75 ಆರ್15. ಟಯರ್ ದೊಡ್ಡದಾದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಆದರೆ ಮೀಟರ್ ಎಣಿಸುವುದು ಸುತ್ತನ್ನು ಮಾತ್ರ. ಹಳೇ ಟಯರಿನ ಎತ್ತರ ಲೆಕ್ಕಕ್ಕೆ 703 ಮಿಲಿಮೀಟರ್, ಹೊಸದರದ್ದು 733. ಅಂದರೆ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಫೋನಿನ ಜಿಪಿಎಸ್ ಇಟ್ಟು ನೋಡಿದೆ. ಫೋನ್ 100 ಕಿ.ಮೀ. ಅಂದಾಗ ಗಾಡಿಯ ಮೀಟರ್ 96 ತೋರಿಸುತ್ತಿತ್ತು. ಹಾಗಾದರೆ ನಾವು ಓಡಿದ್ದು 214 ಅಲ್ಲ, 223. ಮೈಲೇಜ್ 6.2 ಅಲ್ಲ, ಸುಮಾರು 6.5. ಸ್ವಲ್ಪ ಸಮಾಧಾನ ಆಯಿತು. ಆದರೆ 8.6ಕ್ಕೂ 6.5ಕ್ಕೂ ಇನ್ನೂ ಬಹಳ ದೂರ ಇತ್ತು. ತಲಕಾವೇರಿ ಕಡೆ ಇದ್ದ ಎರಡು ರಾತ್ರಿ ಬ್ಯಾಟರಿ ಚಾರ್ಜ್ ಆಗಲಿ ಅಂತ ಎಂಜಿನ್ ಸ್ವಲ್ಪ ಹೊತ್ತು ಓಡಿಸಿದ್ದೂ ನೆನಪಾಯಿತು. ನಿಂತಲ್ಲಿ ಸುಟ್ಟ ಡೀಸೆಲ್ ಲೀಟರ್ ಲೆಕ್ಕಕ್ಕೆ ಬರುತ್ತದೆ, ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ಅದು ಒಂದು ಲೀಟರ್ ಅಂತಿಟ್ಟರೂ ಉಳಿದದ್ದು ಎಲ್ಲಿ?

ಇನ್ನು ಭಾರ. ಕುಶಾಲನಗರದ ಕೂಡ್ಲೂರಿನಲ್ಲಿ ಕಾಫಿ ಲೋಡ್ ತೂಗುವ ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿಸಿದೆ. 3,380 ಕಿಲೋ. ಮನೆಗೆ ಬಂದು ಒಳಗೆ ಇದ್ದದ್ದನ್ನೆಲ್ಲ ಹೊರಗೆ ಇಳಿಸಿದೆವು. ತುಂಬಿದ ನೀರಿನ ಟ್ಯಾಂಕ್ ಒಂದೇ 150 ಕಿಲೋ. ಸತ್ತು ಹೋದ ಒಂದು ಇನ್ವರ್ಟರ್ ಬ್ಯಾಟರಿ ಮಂಚದ ಕೆಳಗೆ ಹಾಗೇ ಕೂತಿತ್ತು. ಮೇಲಿನ ಕಬ್ಬಿಣದ ಕ್ಯಾರಿಯರ್ ಬೇರೆ. ಎಲ್ಲಾ ತೆಗೆದು ಮತ್ತೆ ತೂಗಿದರೆ 3,090. ಸುಮಾರು 300 ಕಿಲೋ ಕಮ್ಮಿ.

ಇದೇ ಕಾರಣ ಇರಬಹುದು ಅಂತ ಖುಷಿಪಟ್ಟೆ. ಅಪ್ಪ ಒಪ್ಪಲಿಲ್ಲ. ಹೋದ ವರ್ಷವೂ ಇದೇ ಭಾರ ಇತ್ತಲ್ವಾ? ಕೂತು ಲೆಕ್ಕ ಹಾಕಿದೆ. ಉದಾಹರಣೆಗೆ ಸಂಪಾಜೆ ಘಾಟಿ: ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಒಂದು ಸಾವಿರ ಮೀಟರ್ ಏರು. 3,380 ಕಿಲೋ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ 33 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ 36 ಮೆಗಾಜೂಲ್ ಹತ್ತಿರ ಇರುತ್ತದೆ, ಆದರೆ ಎಂಜಿನ್ ಅದರಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತರುತ್ತದೆ. ಅಂದರೆ ಬರೀ ಎತ್ತುವುದಕ್ಕೇ ಎರಡೂಮುಕ್ಕಾಲು ಲೀಟರ್. 300 ಕಿಲೋ ಇಳಿಸಿದರೆ ಉಳಿಯುವುದು ಪೂರ್ತಿ ಘಾಟಿಗೆ ಕಾಲು ಲೀಟರ್. ಉಳಿದರೆ ಒಳ್ಳೆಯದೇ. ಸತ್ತ ಬ್ಯಾಟರಿ ಮತ್ತೆ ಒಳಗೆ ಹೋಗಲಿಲ್ಲ. ಆದರೆ ಹತ್ತು ಲೀಟರ್ ಕಳ್ಳ ಇದಲ್ಲ.

ಅಳೆಯುವ ದಾರಿಯನ್ನೂ ಸರಿಮಾಡಿಕೊಂಡೆ. ಕೊಡಗಿನ ಏರಿಳಿತದಲ್ಲಿ ಒಂದು ಪ್ರಯಾಣಕ್ಕೆ ಇನ್ನೊಂದನ್ನು ಹೋಲಿಸುವ ಹಾಗಿಲ್ಲ. ಅದಕ್ಕೆ ಒಂದೇ ದಾರಿ ಇಟ್ಟುಕೊಂಡೆ: ಸುಂಟಿಕೊಪ್ಪದಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಅದೇ ದಾರಿಯಲ್ಲಿ ವಾಪಸ್. ಸುಮಾರು 115 ಕಿ.ಮೀ. ಭಾವನ ಮನೆಗೆ ವಾರಕ್ಕೊಮ್ಮೆ ಹೇಗೂ ಹೋಗುವುದಿತ್ತು. ಅದೇ ಬಂಕು, ಅದೇ ಪಂಪು, ಗಾಡಿ ನಿಲ್ಲುವ ಜಾಗವೂ ಅದೇ. ಪಂಪ್ ಮೊದಲನೇ ಸಲ ಆಟೋ ಕಟ್ ಆದಲ್ಲಿಗೆ ನಿಲ್ಲಿಸುವುದು, ಮೇಲೆ ಒತ್ತಿ ತುಂಬಿಸುವುದಿಲ್ಲ. ಒಂದು ಸಲ ಹೋಗಿ ಬಂದರೆ 16 ಲೀಟರ್ ಚಿಲ್ಲರೆ ಹಿಡಿಯುತ್ತದೆ. ಅದರಲ್ಲಿ ಅರ್ಧ ಲೀಟರ್ ಹೆಚ್ಚು ಕಮ್ಮಿ ಆದರೂ ಲೆಕ್ಕ ಕೆಡುತ್ತದೆ. ಹಾಗಾಗಿ ಎರಡು ಸಲ ಹೋಗಿ ಬಂದ ಮೇಲೆ ಒಂದು ಸಲ ತುಂಬಿಸುತ್ತಿದ್ದೆ. ಒಂದು ಲೆಕ್ಕಕ್ಕೆ ಎರಡು ವಾರ. ನಡುವೆ ಒಂದೇ ಬದಲಾವಣೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಏನೂ ಮುಟ್ಟದೆ ಬಂದ ಮೊದಲ ಲೆಕ್ಕ 6.9. ಪುಸ್ತಕದಲ್ಲಿ 2022ರಲ್ಲಿ ಇದೇ ದಾರಿಗೆ 9.3 ಇತ್ತು.

ಟಯರ್ ಗಾಳಿ ನೋಡಿದರೆ ಇರಬೇಕಾದದ್ದಕ್ಕಿಂತ 15 ಪಿಎಸ್ಐ ಕಮ್ಮಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಿಲ್ವರ್ ಓಕ್ ಎಲೆ ತಂದು ಗೂಡು ಕಟ್ಟಿತ್ತು. ಗಾಳಿ ತುಂಬಿಸಿ, ಫಿಲ್ಟರ್ ಬದಲಿಸಿದೆ. ಇವೆರಡನ್ನು ಮಾತ್ರ ಒಟ್ಟಿಗೆ ಮಾಡಿದೆ, ಕಣ್ಣಿಗೆ ಕಂಡ ಮೇಲೆ ಹಾಗೇ ಬಿಡಲು ಆಗಲಿಲ್ಲ. 7.1 ಬಂತು. ಅಷ್ಟು ಸಣ್ಣ ವ್ಯತ್ಯಾಸ ಪಂಪಿನ ಆಟೋ ಕಟ್‌ನಿಂದಲೂ ಬರಬಹುದು. ಎದೆ ತಟ್ಟಿ ಏನೂ ಹೇಳಲಾರೆ.

ಆ ರಾತ್ರಿ ಊಟ ಆದ ಮೇಲೆ ಅಪ್ಪ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳು. ಆ ವರ್ಷ ಮಳೆ ಕಮ್ಮಿಯೇ. ಆದರೂ ಎಡ ಪುಟದಲ್ಲಿ ದಿನಾ ಒಂದು ಸಾಲು. ಬಲ ಪುಟ ಪೂರ್ತಿ ಖಾಲಿ. ಗಾಡಿ ಮುಟ್ಟಿರಲೇ ಇಲ್ಲ. ಮೇ ಕೊನೆಯಲ್ಲಿ ಹುಣಸೂರಿಗೆ ಹೋಗಿ ಬಂದಾಗ 8.4. ಮಳೆ ಬಿಟ್ಟ ಮೇಲೆ ಮೊದಲ ಸಲ ತುಂಬಿಸಿದಾಗ 6.7. ದೊಡ್ಡ ಟಯರಿನ ಲೆಕ್ಕ ಸೇರಿಸದ ಅಂಕಿಗಳು ಇವು.

"ನಡುವೆ ಗಾಡಿ ಓಡಿಯೇ ಇಲ್ಲ," ಅಂದರು ಅಪ್ಪ. "ಓಡಿ ಸವೆದದ್ದು ಅಲ್ಲ ಇದು. ನಿಂತು ಕೆಟ್ಟದ್ದು. ನಿಂತ ಗಾಡಿಗೆ ಏನಾಗುತ್ತೆ ಅಂತ ನೋಡು."

ಕಾಫಿ ಕಣದ ಪಕ್ಕದ ಶೀಟಿನ ಶೆಡ್ಡು ಕಣ್ಣ ಮುಂದೆ ಬಂತು. ಅಲ್ಲಿ ನೆಲ ಸ್ವಲ್ಪ ಇಳಿಜಾರು. ಜೂನ್ ಮೊದಲ ವಾರ ನಾನೇ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದು ಇಳಿದಿದ್ದೆ. ನಾಲ್ಕು ತಿಂಗಳು ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೆಬ್ಬಾಲೆ ರಸ್ತೆಗೆ ಹೋದೆ. ಕೊಡಗಿನಲ್ಲಿ ಸಪಾಟಾದ ರಸ್ತೆ ಹುಡುಕುವುದೇ ಒಂದು ಕೆಲಸ. ಕುಶಾಲನಗರದಿಂದ ಹೊಳೆ ಬದಿಗೆ ಹೋಗುವ ಈ ಕಡೆ ಸ್ವಲ್ಪ ಸಿಗುತ್ತದೆ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 40ರ ವೇಗಕ್ಕೆ ತಂದು, ಒಂದು ಕರೆಂಟ್ ಕಂಬದ ಹತ್ತಿರ ನ್ಯೂಟ್ರಲ್ ಮಾಡಿದೆ. ಬ್ರೇಕ್ ಮುಟ್ಟಲಿಲ್ಲ. ಎಂಜಿನ್ ಓಡುತ್ತಲೇ ಇರಬೇಕು. ಆಫ್ ಮಾಡಿದರೆ ಬ್ರೇಕ್ ಬೂಸ್ಟರೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಗಾಡಿ ತಾನಾಗಿ ನಿಲ್ಲುವವರೆಗೆ ಕಂಬ ಎಣಿಸಿದೆ. ಆರನೇ ಕಂಬಕ್ಕೆ ನಿಂತಿತು. ಕಣ್ಣಿಗೆ ಕಾಣದ ಇಳಿಜಾರು ಇರಬಹುದು ಅಂತ ತಿರುಗಿಸಿಕೊಂಡು ಆ ಕಡೆಯಿಂದಲೂ ಮಾಡಿದೆ. ಆರಕ್ಕೆ ಸ್ವಲ್ಪ ಮೊದಲೇ ನಿಂತಿತು. ಮೂರು ಟನ್ ತೂಕದ ಗಾಡಿ ಅದು. ಒಮ್ಮೆ ಓಡಲು ಶುರುವಾದರೆ ಸುಲಭಕ್ಕೆ ನಿಲ್ಲಬಾರದು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಂತಿತು.

ಇಳಿದು ಒಂದೊಂದೇ ಚಕ್ರದ ಹತ್ತಿರ ಕೂತೆ. ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಿದೆ, ಮುಟ್ಟಲಿಲ್ಲ. ಮುಂದಿನ ಎರಡೂ ಬೆಚ್ಚಗಿದ್ದವು. ಹಿಂದೆ ಬಲಗಡೆ ಅದಕ್ಕಿಂತ ಬಿಸಿ. ಎಡಗಡೆ ಕೈ ಹತ್ತಿರ ತರುವಾಗಲೇ ಒಲೆ ಮುಂದೆ ಕೂತ ಹಾಗೆ ಕಾವು ಬಡಿಯಿತು. ಬಾಟಲಿಯಿಂದ ಎರಡು ಹನಿ ನೀರು ಬಿಟ್ಟೆ. ಚುಂಯ್ ಅಂದು ಆರಿಹೋಯಿತು. ಬ್ರೇಕ್ ಮುಟ್ಟದೆಯೇ ಇಷ್ಟು ಬಿಸಿ. ನಮ್ಮ ಡೀಸೆಲ್ ಅಲ್ಲಿ ಡ್ರಮ್ ಕಾಯಿಸುತ್ತಾ ಕೂತಿತ್ತು. ಆಗ ನನಗೆ ಆದದ್ದು ಖುಷಿಯಲ್ಲ, ಭಯ. ಹಿಂದಿನ ತಿಂಗಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಇದೇ ಚಕ್ರದ ಮೇಲೆ ತಲಕಾವೇರಿಯ ಇಳಿಜಾರು ಇಳಿದಿದ್ದೆ.

ನಿಧಾನಕ್ಕೆ ಓಡಿಸಿಕೊಂಡು ಕುಶಾಲನಗರದ ಮೇಸ್ತ್ರಿ ಹತ್ತಿರ ಹೋದೆ. ವಯಸ್ಸಾದವರು, ಲಾರಿ ಕೆಲಸದಲ್ಲಿ ಪಳಗಿದ ಕೈ. ಹಿಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಲು ನೋಡಿದರು. ಬಲಗಡೆಯದು ಒಂದು ಸುತ್ತು ಬಂದು ಕರ್ ಅಂತ ನಿಂತಿತು. ಎಡಗಡೆಯದು ಎರಡು ಕೈ ಹಾಕಿದರೂ ಅರ್ಧ ಸುತ್ತು.

"ಸಾರ್, ಇದು ಪಂಪ್ ಅಲ್ಲ ಅಂತ ಯಾರು ಹೇಳಿದ್ರು ನಿಮ್ಗೆ?" ಅಂತ ಕೇಳಿದರು.

"ಅಪ್ಪ," ಅಂದೆ.

ಎಡ ಡ್ರಮ್ ಸುಮ್ನೆ ಬರಲಿಲ್ಲ. ಸುತ್ತ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ಒಳಗೆ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಹ್ಯಾಂಡ್ ಬ್ರೇಕ್ ಕೇಬಲ್ ತನ್ನ ಕವಚದ ಒಳಗೇ ತುಕ್ಕು ಹಿಡಿದು ಬಿಗಿದಿತ್ತು. ಒಳಗೆ ಲಿವರ್ ಕೆಳಗೆ ಬಿಟ್ಟರೂ ಇಲ್ಲಿ ಕೇಬಲ್ ಹಿಂದೆ ಸರಿಯುತ್ತಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಿತ್ತು, ಯಾಕೆಂದರೆ ಆ ದೀಪಕ್ಕೆ ಗೊತ್ತಾಗುವುದು ಲಿವರಿನ ಸ್ಥಿತಿ, ಕೇಬಲಿನದ್ದಲ್ಲ. ಮೇಸ್ತ್ರಿ ವೀಲ್ ಸಿಲಿಂಡರಿನ (ಪೆಡಲ್ ತುಳಿದಾಗ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ) ರಬ್ಬರ್ ಟೋಪಿ ಎತ್ತಿದರು. ಒಳಗಿನಿಂದ ಬೆಲ್ಲದ ಪಾಕದ ಬಣ್ಣದ ನೀರು ಎರಡು ಹನಿ ಸೋರಿತು. ಪಿಸ್ಟನ್ ಹಿಡಿದುಕೊಂಡಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಹೀರಲು ಬೇಕಾದಷ್ಟು ಸಿಗುತ್ತದೆ. ಆ ನೀರು ಸಿಲಿಂಡರಿನ ಒಳಗೆ ತುಕ್ಕು ಮಾಡುತ್ತದೆ. ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಬೇಕು. ಗಾಡಿ ತಗೊಂಡ ಮೇಲೆ ನಾನು ಒಂದು ಸಲವೂ ಮಾಡಿಸಿರಲಿಲ್ಲ.

ಎರಡು ವೀಲ್ ಸಿಲಿಂಡರ್, ಹ್ಯಾಂಡ್ ಬ್ರೇಕ್ ಕೇಬಲ್, ಲೈನರ್ ಉಜ್ಜಿದ್ದು, ಆಯಿಲ್, ಕೂಲಿ ಎಲ್ಲಾ ಸೇರಿ 4,200 ರೂಪಾಯಿ. ಮತ್ತೆ ಹೆಬ್ಬಾಲೆ ರಸ್ತೆಗೆ ಹೋಗಿ ಅದೇ ಕಂಬದ ಹತ್ತಿರ ನ್ಯೂಟ್ರಲ್ ಮಾಡಿದೆ. ಐದು, ಆರು, ಏಳು. ಗಾಡಿ ಹೋಗುತ್ತಲೇ ಇತ್ತು. ಒಂಬತ್ತನೇ ಕಂಬ ಮುಟ್ಟಿ ನಿಂತಿತು. ಕ್ಯಾಬಿನ್‌ನಲ್ಲಿ ನಾನೊಬ್ಬನೇ ಇದ್ದೆ, ಆದರೂ ಜೋರಾಗಿ ಕೂಗಿಬಿಟ್ಟೆ.

ಎರಡು ವಾರದ ಲೆಕ್ಕ 8.2.

ಇಲ್ಲಿಗೇ ಬಿಡಬಹುದಿತ್ತು. ಆದರೆ ಪುಸ್ತಕದಲ್ಲಿ 9.3 ಇತ್ತಲ್ಲ. ಅಪ್ಪನಿಗೆ ಇನ್ನೊಂದು ಅನುಮಾನ ಇತ್ತು. ಮೇ ತಿಂಗಳ 8.4ಕ್ಕೆ ಟಯರಿನ ನೂರಕ್ಕೆ ನಾಲ್ಕು ಸೇರಿಸಿದರೂ 8.7 ಆಗುತ್ತದೆ, 9.3 ಆಗುವುದಿಲ್ಲ. ಅಂದರೆ ಮಳೆಗಿಂತ ಮೊದಲೇ ಇನ್ನೊಂದು ಏನೋ ಆಗಿದೆ. ಏಪ್ರಿಲ್ ಪುಟದಲ್ಲಿ ಎರಡು ಸಾಲು ಇದ್ದವು. ಒಂದು, ಟಯರ್. ಇನ್ನೊಂದು, "ನಂಜನಗೂಡು ದಾರಿ, ಹೀಟ್ ಆಯಿತು, ರೇಡಿಯೇಟರ್ ಕೆಲಸ."

ಆ ದಿನ ನೆನಪಾಯಿತು. ಮಧ್ಯಾಹ್ನದ ಬಿಸಿಲಿಗೆ ಎಂಜಿನ್ ಕಾದು, ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದೆವು. ರೇಡಿಯೇಟರ್ ತೊಳೆದು, ಹೋಸ್ ಬದಲಿಸಿ, "ಇನ್ನು ಈ ಗಾಡಿ ಯಾವತ್ತೂ ಹೀಟ್ ಆಗಲ್ಲ" ಅಂದಿದ್ದರು. ನಿಜ, ಆಮೇಲೆ ಹೀಟ್ ಆಗಲೇ ಇಲ್ಲ. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುತ್ತಲೇ ಇರಲಿಲ್ಲ. ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಇಳಿಯುವಾಗ ಪೂರ್ತಿ ಕೆಳಗೆ ಬಿದ್ದುಬಿಡುತ್ತಿತ್ತು. ಎಂಜಿನ್ ತಣ್ಣಗಿದೆ, ಒಳ್ಳೆಯದು ಅಂದುಕೊಂಡಿದ್ದೆ.

ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ಸಿಗದ ಹಾಗೆ ನೋಡಿಕೊಂಡು, ರೇಡಿಯೇಟರಿನ ಮೇಲಿನ ಹೋಸನ್ನು ಹಿಡಿದು ನಿಂತೆ. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಥರ್ಮೋಸ್ಟಾಟ್. ಅದು ಸರಿ ಇದ್ದರೆ ಆ ಹೋಸ್ ಬಹಳ ಹೊತ್ತು ತಣ್ಣಗೇ ಇರುತ್ತದೆ. ಎಂಜಿನ್ ಒಳಗಿನ ನೀರು ಸಾಕಷ್ಟು ಕಾದ ಮೇಲೆ ವಾಲ್ವ್ ತೆರೆದು ಒಮ್ಮೆಲೇ ಬಿಸಿ ಆಗುತ್ತದೆ. ನಮ್ಮದು ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಯಿತು. ಎಂಜಿನ್ ಆರಿದ ಮೇಲೆ ಮೇಸ್ತ್ರಿ ಆ ಗೂಡಿನ ಬೋಲ್ಟ್ ಬಿಚ್ಚಿದರು. ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ಅದು ಕೂರುವ ಗುಂಡನೆಯ ಗೆರೆ ಮಾತ್ರ ಇತ್ತು. ಆ ಗ್ಯಾರೇಜಿನಲ್ಲಿ ಕಿತ್ತು ಎಸೆದಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಬಯಲುಸೀಮೆಯ ಬೇಸಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗದೇ ಇರಬಹುದು. ನವೆಂಬರ್ ಬೆಳಗಿನ ಕೊಡಗಿನಲ್ಲಿ ಹಾಗಲ್ಲ. ನೀರು ಯಾವಾಗಲೂ ರೇಡಿಯೇಟರ್ ಸುತ್ತಿ ತಣ್ಣಗಾಗುತ್ತಲೇ ಇರುತ್ತದೆ. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿದ ಕಾವಿನಲ್ಲೂ ಹೆಚ್ಚು ಪಾಲು ನೀರಿಗೆ ಹೋಗುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗೇ ಉಳಿದು ಎಳೆತ ಜಾಸ್ತಿ ಆಗುತ್ತದೆ. ನಮ್ಮದು ಒಂದೆರಡು ಊರಿನ ನಡುವೆ ಸಣ್ಣ ಸಣ್ಣ ಓಡಾಟ ಬೇರೆ. ಎಂಜಿನ್ ಪೂರ್ತಿ ಬಿಸಿ ಆದ ದಿನವೇ ಇರಲಿಲ್ಲ ಅನಿಸುತ್ತದೆ.

ಹೊಸ ಥರ್ಮೋಸ್ಟಾಟ್ ತಂದೆ. ಅದರ ಮೇಲೆ 82 ಅಂತ ಕೆತ್ತಿತ್ತು. ಹಾಕುವ ಮೊದಲು ಪರೀಕ್ಷೆ ಮಾಡೋಣ ಅಂತ ಮೇಸ್ತ್ರಿ ಹೇಳಿದ್ದರು. ಅಮ್ಮ ಮನೆ ವೈನ್ ಮಾಡುವಾಗ ಬಳಸುವ ಉದ್ದನೆಯ ಥರ್ಮಾಮೀಟರ್ ಕೊಟ್ಟರು, ಒಂದು ಹಳೇ ಅಲ್ಯೂಮಿನಿಯಂ ಪಾತ್ರೆಯನ್ನೂ ಕೊಟ್ಟರು. ನೀರಿನಲ್ಲಿ ಥರ್ಮೋಸ್ಟಾಟನ್ನು ದಾರ ಕಟ್ಟಿ ತೂಗುಬಿಟ್ಟೆ, ಪಾತ್ರೆಯ ತಳ ಮುಟ್ಟದ ಹಾಗೆ. 70 ಆಯಿತು, 75 ಆಯಿತು, ಏನೂ ಇಲ್ಲ. 80 ದಾಟಿದ ಮೇಲೆ ಹಿತ್ತಾಳೆಯ ತಟ್ಟೆ ಕೂದಲೆಳೆಯಷ್ಟು ಮೇಲೆದ್ದಿತು. ಕುದಿಯುವ ಹೊತ್ತಿಗೆ ಪೂರ್ತಿ ಬಾಯಿ ತೆರೆದಿತ್ತು. ಕುದಿಯುವಾಗಲೂ ಥರ್ಮಾಮೀಟರ್ 97 ತೋರಿಸುತ್ತಿತ್ತು. ಅಮ್ಮನಿಗೆ ಥರ್ಮಾಮೀಟರ್ ಕೆಟ್ಟಿದೆಯಾ ಅಂತ ಅನುಮಾನ. ಕೆಟ್ಟಿಲ್ಲ. ನಮ್ಮ ಎತ್ತರದಲ್ಲಿ ನೀರು 100ಕ್ಕೆ ಮೊದಲೇ ಕುದಿಯುತ್ತದೆ. ಮಡಿಕೇರಿಯಲ್ಲಾದರೆ 96ರ ಹತ್ತಿರ. ಗ್ಯಾಸ್ ಆರಿಸಿದ ಮೇಲೆ ಬಾಯಿ ನಿಧಾನಕ್ಕೆ ಮುಚ್ಚಿಕೊಂಡಿತು. ಅಷ್ಟು ಸಣ್ಣ ವಸ್ತು, ಕರೆಂಟ್ ಇಲ್ಲ, ತಂತಿ ಇಲ್ಲ, ಒಳಗಿನ ಮೇಣ ಹಿಗ್ಗಿ ಕುಗ್ಗಿ ಅದರ ಕೆಲಸ ಅದು ಮಾಡುತ್ತದೆ. ಅಡುಗೆಮನೆಯಲ್ಲಿ ನಾವು ಮೂವರೂ ಬಗ್ಗಿ ನೋಡುತ್ತಾ ನಿಂತಿದ್ದೆವು.

ಥರ್ಮೋಸ್ಟಾಟ್, ಗ್ಯಾಸ್ಕೆಟ್, ಹೊಸ ಕೂಲಂಟ್ ಎಲ್ಲಾ ಸೇರಿ 1,900. ಮುಳ್ಳು ಈಗ ನಡುವಿಗೆ ಬಂದು ನಿಲ್ಲುತ್ತದೆ, ಇಳಿಜಾರಿನಲ್ಲೂ ಅಲ್ಲಾಡುವುದಿಲ್ಲ. ಲೆಕ್ಕ 8.7.

ಉಳಿದದ್ದು ಬೆಳಗಿನ ಹೊಗೆ. ಥರ್ಮೋಸ್ಟಾಟ್ ಹಾಕಿದ ಮೇಲೂ ಸ್ಟಾರ್ಟ್ ಮಾಡಿದ ಮೊದಲ ಐದು ನಿಮಿಷ ಬೂದಿ ಬಣ್ಣದ ಹೊಗೆ, ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ. ಎಂಜಿನ್ ಮೂರು ಕಾಲಿನ ಮೇಲೆ ನಿಂತ ಹಾಗೆ ನಡುಗುತ್ತಿತ್ತು. ಕಪ್ಪು ಹೊಗೆ ಆದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿ ಆದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ, ಬೂದಿ ಆದರೆ ಡೀಸೆಲ್ ಉರಿಯದೆ ಹೊರಗೆ ಬರುತ್ತಿದೆ. ಮೇಸ್ತ್ರಿ ಐಡ್ಲಿಂಗಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ ಕಿವಿ ಕೊಟ್ಟರು. ಒಂದನೆಯದು, ಎರಡನೆಯದು, ನಾಲ್ಕನೆಯದು ಬಿಟ್ಟಾಗ ಎಂಜಿನ್ ಸದ್ದು ಕುಗ್ಗಿತು. ಮೂರನೆಯದು ಬಿಟ್ಟಾಗ ಏನೂ ಬದಲಾಗಲಿಲ್ಲ. ಆ ಸಿಲಿಂಡರ್ ಹೇಗೂ ಕೆಲಸ ಮಾಡುತ್ತಿರಲಿಲ್ಲ. ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗೆ ಮಾತ್ರ. ಕಾಮನ್ ರೈಲ್ ಎಂಜಿನ್‌ನಲ್ಲಿ ಪೈಪ್ ಸಡಿಲ ಮಾಡಲು ಹೋಗಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ನಾಲ್ಕೂ ನಾಜಲ್ ಬಿಚ್ಚಿಕೊಂಡು ಮೈಸೂರಿನ ಒಂದು ಪಂಪ್ ಲ್ಯಾಬಿಗೆ ಹೋದೆ. ಅಲ್ಲಿ ಕೈಯಿಂದ ಒತ್ತುವ ಟೆಸ್ಟರ್‌ಗೆ ಒಂದೊಂದೇ ಹಾಕಿ ತೋರಿಸಿದರು. ಒಳ್ಳೆಯದು ಕರ್ರ್ ಅಂತ ಸದ್ದು ಮಾಡಿ, ಬೆಳಗಿನ ಮಂಜಿನ ಹಾಗೆ ಹರಡಿತು. ತುದಿ ಒಣಗಿಯೇ ಇತ್ತು. ಮೂರನೆಯದಕ್ಕೆ ಸದ್ದೇ ಇಲ್ಲ. ಉಳಿದವುಗಳಿಗಿಂತ 40 ಬಾರ್ ಕಮ್ಮಿ ಒತ್ತಡಕ್ಕೇ ತೆರೆದು, ದಾರದ ಹಾಗೆ ಒಂದೇ ಎಳೆ ಸುರಿಯಿತು. ನಿಂತ ಮೇಲೂ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ನಾಲ್ಕಕ್ಕೂ ಹೊಸ ನಾಜಲ್ ತುದಿ ಹಾಕಿಸಿ, ಒತ್ತಡ ಸಮ ಮಾಡಿಸಿದೆ. 7,600 ರೂಪಾಯಿ. ಪಂಪ್ ಬಿಚ್ಚಬೇಕಾ ಅಂತ ಅವರನ್ನೇ ಕೇಳಿದೆ. ಈಗ ಬೇಡ ಅಂದರು. ಬಿಚ್ಚಿದ್ದರೆ ಅವರಿಗೇ ದುಡ್ಡು ಬರುತ್ತಿತ್ತು. ಹಾಗೆ ಹೇಳುವವರು ಸಿಗುವುದು ಅಪರೂಪ.

2024ರ ಜನವರಿ ಕೊನೆಯಲ್ಲಿ ಹುಣಸೂರಿನ ಲೆಕ್ಕ 9.2 ಬಂತು. ಒಟ್ಟು ಖರ್ಚು 13,700, ಏರ್ ಫಿಲ್ಟರ್ ಬಿಟ್ಟು. ಪಂಪ್ ಇವತ್ತಿಗೂ ಮುಟ್ಟಿಲ್ಲ.

ಓಡಿಸುವ ರೀತಿಯಲ್ಲೂ ಒಂದು ಬದಲಾಯಿಸಿದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ನಮ್ಮಲ್ಲಿ ಬಹಳ ಜನ. ಗೇರ್‌ನಲ್ಲಿ ಇದ್ದು ಕಾಲು ಪೂರ್ತಿ ತೆಗೆದರೆ ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡ್ಲಿಂಗಿಗೆ ಡೀಸೆಲ್ ಬೇಕೇ ಬೇಕು, ಮೇಲೆ ಪೂರ್ತಿ ಭಾರ ಬ್ರೇಕಿನ ಮೇಲೆ. ಸಂಪಾಜೆ ಘಾಟಿ ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ಹಳೇ ಲಾರಿ ಡ್ರೈವರ್‌ಗಳು ಹೇಳುವುದು ಸುಮ್ನೆ ಅಲ್ಲ.

2024ರ ಜೂನ್‌ನಲ್ಲಿ ಶೆಡ್ಡಿಗೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ. ಮೊದಲನೇ ಗೇರಿನಲ್ಲಿಟ್ಟು, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟೆ. ಏರ್ ಫಿಲ್ಟರ್ ಬಾಯಿಗೆ ಸಣ್ಣ ಜಾಲರಿ ಕಟ್ಟಿದೆ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಗಾಡಿ ತೆಗೆದು ಸುಂಟಿಕೊಪ್ಪದವರೆಗೆ ಹೋಗಿ, ನಾಲ್ಕಾರು ಸಲ ಬ್ರೇಕ್ ತುಳಿದು ವಾಪಸ್ ಬರುತ್ತಿದ್ದೆ. ಆ ವರ್ಷ ಬಲ ಪುಟ ಪೂರ್ತಿ ಖಾಲಿ ಬೀಳಲಿಲ್ಲ. ಎಡಗಡೆ ಸೆಂಟ್, ಬಲಗಡೆ 12 ಕಿ.ಮೀ., 12 ಕಿ.ಮೀ. ಅಂತ ಸಾಲುಗಳಿವೆ.

ಅಕ್ಟೋಬರ್‌ನಲ್ಲಿ ಮತ್ತೆ ತುಲಾ ಸಂಕ್ರಮಣ. ಅದೇ ಭಾಗಮಂಡಲ, ತಲಕಾವೇರಿ, ನಾಪೋಕ್ಲು, ವಿರಾಜಪೇಟೆ, ಗೋಣಿಕೊಪ್ಪ. ವಾಪಸ್ ಬಂದು ಅದೇ ಪಂಪಿನ ಮುಂದೆ ನಿಲ್ಲಿಸಿದೆ. ಮೀಟರ್ ನಿಂತ ಮೇಲೆ ಅಪ್ಪ ಟಯರಿನ ನಾಲ್ಕನ್ನೂ ಸೇರಿಸಿ ಭಾಗಿಸಿದರು. 8.5. ಅವರು ಬರೆಯುತ್ತಿರುವಾಗ ನಾನು ಇಳಿದು ಹಿಂದಿನ ಎಡ ಚಕ್ರದ ಹತ್ತಿರ ಹೋಗಿ ಅಂಗೈ ಹಿಡಿದೆ. ಬರೀ ಬೆಚ್ಚಗಿತ್ತು.